ಜಾಗ ಹೆಚ್ಚಾಗಿದೆ

ಬೆಟಗೇರಿಯ ಹಳೆಯ ಮಗ್ಗದ ಶೆಡ್ಡಿನ ಅಟ್ಟದ ಮೇಲೆ ಆ ಶನಿವಾರ ಮುಂಜಾನೆ ಹನ್ನೊಂದು ಜನ ಸೇರಿದ್ದರು. ಮುಂದಿನ ಆರು ತಿಂಗಳಲ್ಲಿ ಹಗೇವಿಗೆ ಹೊಸದು ಏನು ಸೇರಬೇಕು, ಹಳೆಯದು ಏನು ಹೋಗಬೇಕು ಎಂದು ಗೊತ್ತು ಮಾಡುವ ದಿನ ಅದು. ನೀಲಗಂಗಾ ಹಾದಿಮನಿ ಎಲ್ಲರಿಗಿಂತ ಮೊದಲು ಬಂದು, ತಾನೇ ಕಸ ಹೊಡೆದು, ಮುಂದಿನ ಕುರ್ಚಿಯಲ್ಲಿ ಕೂತಿದ್ದಳು. ಈ ಸಲದ ಪಾಳಿ ಅವಳದು.

ಆ ಸೀಮೆಯವರಿಗೆ ಹಗೇವು ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ನೆಲದಲ್ಲಿ ಕುಣಿ ತೋಡಿ, ಸುತ್ತ ಹುಲ್ಲು ಹಚ್ಚಿ, ಜೋಳ ಸುರುವಿ, ಬಾಯಿಗೆ ಕಲ್ಲು ಮುಚ್ಚಿ ವರ್ಷಗಟ್ಟಲೆ ಕಾಪಾಡುತ್ತಿದ್ದ ಹಿಂದಿನವರ ಕಣಜ ಅದು. ಈ ಹಗೇವಿನಲ್ಲಿ ಜೋಳ ಇರಲಿಲ್ಲ. ಊರಿನವರ ಫೋಟೊ, ಪತ್ರ, ಹಾಡು, ಹೊಲದ ಉತಾರದ ಕಾಗದ, ಮದುವೆಯ ವಿಡಿಯೊ ಇದ್ದವು. ಇದಕ್ಕೆ ಕ್ಲೌಡ್ ಸ್ಟೋರೇಜ್ ಅನ್ನುತ್ತಾರೆ ಎಂದು ಶುರು ಮಾಡಿದವರು ಹೇಳಿದಾಗ ಯಾರೋ ಹಿರಿಯರು, ಮುಗಿಲಿನಲ್ಲಿ ಇಟ್ಟದ್ದು ಯಾವತ್ತಿದ್ದರೂ ಸುರಿದು ಹೋಗುವುದೇ, ನೆಲದ ಹೆಸರಿಡಿ ಎಂದರಂತೆ. ಹಾಗೆ ಬಂದ ಹೆಸರು.

ಅದು ನಡೆಯುವ ಬಗೆ ಬಹಳ ತೊಡಕಿನದಲ್ಲ. ಮನೆಗೊಂದು ಡಬ್ಬಿ, ರೊಟ್ಟಿಯ ಡಬ್ಬಿಯಷ್ಟು ದೊಡ್ಡದು. ನೀವು ಇಟ್ಟದ್ದನ್ನು ಅದು ನುಚ್ಚು ನುಚ್ಚು ಮಾಡಿ, ಬೀಗ ಹಾಕಿ, ಮೂರು ಪ್ರತಿ ಮಾಡಿ, ಬೇರೆ ಬೇರೆ ಮನೆಗಳ ಡಬ್ಬಿಗೆ ಕಳಿಸುತ್ತದೆ. ಅವರದನ್ನು ನಿಮ್ಮ ಡಬ್ಬಿ ಇಟ್ಟುಕೊಳ್ಳುತ್ತದೆ. ಕೂಲಿಯಿಲ್ಲದೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುವ ಹಾಗೆ. ಒಂದು ಮನೆಗೆ ಬೆಂಕಿ ಬಿದ್ದರೂ ಇನ್ನೆರಡು ಮನೆಯಲ್ಲಿ ನಿಮ್ಮದು ಇದ್ದೇ ಇರುತ್ತದೆ. ಇದನ್ನೆಲ್ಲ ನಡೆಸುವ ತಂತ್ರಾಂಶ ಊರ ಬಾವಿ ಇದ್ದ ಹಾಗೆ. ಯಾರು ಬೇಕಾದರೂ ಬಗ್ಗಿ ನೋಡಬಹುದು, ಬರೆದದ್ದನ್ನು ಓದಬಹುದು, ತಪ್ಪು ಕಂಡರೆ ತಿದ್ದಬಹುದು, ತಮ್ಮ ಊರಿಗೆ ಒಯ್ದು ಹಾಕಿಕೊಳ್ಳಬಹುದು. ಗದಗ-ಬೆಟಗೇರಿಯಲ್ಲೇ ನಲವತ್ತು ಸಾವಿರ ಮನೆಗಳು ಅದರಲ್ಲಿದ್ದವು.

ಮುಂಗಾರಿಗೊಂದು, ಹಿಂಗಾರಿಗೊಂದು ಹೊಸ ಆವೃತ್ತಿ. ಏನು ಬಿತ್ತಬೇಕೆಂದು ಮೊದಲು ಕೂತು ಮಾತಾಡುತ್ತಾರೆ. ಆಮೇಲೆ ಒಂದು ವಾರ ತಕರಾರಿಗೆ ಬಿಡುತ್ತಾರೆ. ಎಂಟನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಬಿತ್ತುವ ಕೂರಿಗೆ ಹೂಡುತ್ತಾರೆ, ಅಂದರೆ ಹೊಸ ಆವೃತ್ತಿ ಎಲ್ಲ ಡಬ್ಬಿಗೂ ಹೋಗುತ್ತದೆ. ಕೂರಿಗೆ ಹೂಡಿದ ಮೇಲೆ ಕಾಳು ಬದಲಿಸುವ ಹಾಗಿಲ್ಲ, ಆರು ತಿಂಗಳು ಅದೇ ಬೆಳೆ. ಯಾರಾದರೊಬ್ಬರು ಪಾಳಿಯ ಮೇಲೆ ಈ ಬೆಳೆಯ ಹೊಣೆ ಹೊರಬೇಕು. ಇಷ್ಟು ವರ್ಷ ಪಾಳಿ ಹೊತ್ತವರೆಲ್ಲ ಕೋಡ್ ಬರೆಯುವವರು. ನೀಲಗಂಗಾ ಒಂದು ಸಾಲೂ ಬರೆದವಳಲ್ಲ. ಹನ್ನೊಂದು ವರ್ಷ ಹಗೇವು ನಡೆಸುವ ಸಂಘದ ಫೋನಿಗೆ ಕೂತು, ಡಬ್ಬಿ ಯಾಕೆ ಮಾತಾಡುತ್ತಿಲ್ಲ, ಮಗಳ ಫೋಟೊ ಎಲ್ಲಿ ಹೋಯಿತು ಎಂದು ಕೇಳುವವರಿಗೆ ಸಮಾಧಾನ ಹೇಳಿದವಳು. ಜನರ ಮಾತು ಅವಳಿಗೆ ಗೊತ್ತು, ಒಮ್ಮೆ ಅವಳಿಗೇ ಕೊಡೋಣ ಎಂದು ಸಂಘದವರು ಕೈ ಎತ್ತಿದ್ದರು. ಎತ್ತದೆ ಇದ್ದ ಒಂದೇ ಕೈ ವಾಮನರಾವ್ ಗಲಗಲಿಯವರದು. ಅವರು ಹಗೇವಿನ ಮೊದಲ ಸಾಲು ಬರೆದವರು, ಈಗ ಎಪ್ಪತ್ತರ ಹತ್ತಿರ ಇದ್ದವರು. ತಮಗೇನೂ ಬೇಸರವಿಲ್ಲ, ಆದರೆ ಅಡುಗೆ ಬಾರದವರ ಕೈಗೆ ಮದುವೆಯ ಅಡುಗೆ ಕೊಟ್ಟಂತೆ ಆಗಬಾರದಷ್ಟೆ ಎಂದು ಅವರು ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಹೇಳಿದ್ದರು.

ಸಭೆಯಲ್ಲಿ ಹನ್ನೆರಡನೆಯವನೊಬ್ಬ ಇದ್ದ. ಅವನು ಮನುಷ್ಯನಲ್ಲ, ಯಂತ್ರ. ಕಾರಭಾರಿ ಎಂದು ಕರೆಯುತ್ತಿದ್ದರು. ನಾಲ್ಕು ವರ್ಷದ ಹಿಂದೆ ಡಬ್ಬಿಗಳಿಗೆ ಕಿವಿ, ಬಾಯಿ ಬಂದಿದ್ದವು. ಏನು ಬೇಕು, ಏನು ಬೇಡ ಎಂದು ಜನ ಇಂಗ್ಲಿಷಿನಲ್ಲಿ ಬರೆದು ಕಳಿಸಬೇಕಿಲ್ಲ, ಮನೆಯ ಮಾತಿನಲ್ಲೇ ಡಬ್ಬಿಗೆ ಹೇಳಿದರಾಯಿತು. ನಲವತ್ತು ಸಾವಿರ ಮನೆಯ ಮಾತೆಲ್ಲ ಕಾರಭಾರಿಗೆ ಹೋಗಿ, ಅವನು ಅದನ್ನು ಸೋಸಿ, ಅಚ್ಚುಕಟ್ಟಾದ ಪುಸ್ತಕದ ಕನ್ನಡದಲ್ಲಿ ಸಭೆಯ ಮುಂದೆ ಇಡುತ್ತಿದ್ದ. ಅವನ ಒಂದು ಗುಣವೆಂದರೆ ಹೇಳಿದ ಮಾತನ್ನು ಹೇಳಿದ ಹಾಗೆ ನಂಬುವುದು. ಹೋದ ಮುಂಗಾರಿನಲ್ಲಿ ವಾಮನರಾಯರು ಯಾವುದೋ ಬೇಡದ ಕೆಲಸಕ್ಕೆ "ನೋಡೂಣಂತ" ಅಂದದ್ದನ್ನು ಒಪ್ಪಿಗೆ ಎಂದು ಬರೆದುಕೊಂಡು, ಆರು ತಿಂಗಳು ದಿನಾ ಮುಂಜಾನೆ, ನೋಡಿದಿರಾ ಎಂದು ಕೇಳಿ ಅವರ ಪ್ರಾಣ ತಿಂದಿದ್ದ.

ಇನ್ನೊಂದು ಕಟ್ಟಳೆಯನ್ನೂ ಇಲ್ಲಿ ಹೇಳಬೇಕು. ಕಾರಭಾರಿ ಯಾರ ಡಬ್ಬಿಯನ್ನೂ ಇಣುಕಿ ನೋಡುವ ಹಾಗಿಲ್ಲ. ಒಬ್ಬರ ಮನೆಯ ಗಡಿಗೆಯಲ್ಲಿ ಇನ್ನೊಬ್ಬರು ಕೈ ಹಾಕಬಾರದು, ಎಷ್ಟಿದೆ ಎಂದು ಮನೆಯವರೇ ಬಾಯಿಬಿಟ್ಟು ಹೇಳಲಿ, ಅವರ ಮಾತೇ ಪ್ರಮಾಣ ಎಂದು ಹೋದ ಹಿಂಗಾರಿನಲ್ಲಿ ಹಟ ಹಿಡಿದು ಆ ಕಟ್ಟಳೆ ಮಾಡಿಸಿದವಳು ನೀಲಗಂಗಾನೇ. ಡಬ್ಬಿಯಲ್ಲಿ ಜಾಗ ಮುಗಿಯುತ್ತ ಬಂದರೆ ಕೆಂಪು ದೀಪ ಹತ್ತುತ್ತದೆ. ದೀಪ ನೋಡಿ ಮನೆಯವರು ಏನು ಹೇಳುತ್ತಾರೋ ಅದನ್ನು ಡಬ್ಬಿ ನಂಬುತ್ತದೆ, ಕಾರಭಾರಿಗೂ ತಲುಪಿಸುತ್ತದೆ.

ಆ ಶನಿವಾರ ಕಾರಭಾರಿ ವರದಿ ಓದಿದ. "ಶೇಕಡಾ ಎಂಬತ್ತೊಂದು ಮನೆಗಳಲ್ಲಿ ಜಾಗ ಹೆಚ್ಚಾಗಿದೆ."

ಸಭೆಗೆ ಸಭೆಯೇ ಹಿಗ್ಗಿತು. ಕೋಡ್ ಬರೆಯುವವರಲ್ಲಿ ಎಲ್ಲರಿಗಿಂತ ಚುರುಕಾದ ದಸ್ತಗೀರ್ ನದಾಫ್, ಜನ ತಾವಾಗಿಯೇ ಹೊಸ ಹೊಸ ಮೆಮೊರಿ ಪಟ್ಟಿ ತಂದು ಡಬ್ಬಿಗೆ ಸಿಗಿಸಿಕೊಳ್ಳುತ್ತಿರಬೇಕು ಎಂದ. ವಾಮನರಾಯರು, ಇದು ಎಂಬತ್ತೊಂದು ಹೇಗಾಯಿತು ಎಂದು ಹುಬ್ಬು ಗಂಟು ಹಾಕಿ, ಮತ್ತೆ ಓದಿಸಿ, ಕಡೆಗೆ ತಲೆದೂಗಿದರು. ಆಗ ನೀಲಗಂಗಾ ಮಡಿಚಿಟ್ಟುಕೊಂಡಿದ್ದ ಕಾಗದವನ್ನು ಬಿಡಿಸಿದಳು. ಯಲಬುರ್ಗಾದವರು ಹೊಸದಾಗಿ ಹಗೇವು ಹಾಕಿಕೊಳ್ಳುವವರಿದ್ದರು. ಆರು ಸಾವಿರ ಮನೆ. ಅವರ ಡಬ್ಬಿ ಬರುವುದಕ್ಕೆ ಇನ್ನೂ ಅರ್ಧ ವರ್ಷ ಬೇಕು, ಅಲ್ಲಿಯವರೆಗೆ ನಿಮ್ಮಲ್ಲಿ ನಮ್ಮದನ್ನು ಇಟ್ಟುಕೊಳ್ಳುತ್ತೀರಾ ಎಂದು ಅಲ್ಲಿಯ ರಾಚವ್ವ ಎಂಬವಳು ಕೇಳಿ ಬರೆದಿದ್ದಳು. ಜಾಗ ಹೆಚ್ಚಾಗಿರುವಾಗ ಕೊಡದೆ ಇಟ್ಟುಕೊಂಡು ಏನು ಮಾಡುವುದು, ಈ ಸಲದ ಆವೃತ್ತಿಗೆ ದಾಸೋಹ ಎಂದೇ ಹೆಸರಿಡೋಣ ಎಂದಳು ನೀಲಗಂಗಾ. ಹನ್ನೊಂದು ಕೈ ಎದ್ದವು. ಅವಳು ಅಲ್ಲೇ ರಾಚವ್ವನಿಗೆ ಫೋನು ಮಾಡಿ ಮಾತು ಕೊಟ್ಟಳು. ಬರುವ ಶನಿವಾರ ಹನ್ನೆರಡಕ್ಕೆ ಕೂರಿಗೆ ಹೂಡುತ್ತಲೇ ಬಾಗಿಲು ತೆರೆಯುತ್ತದೆ, ಕಳಿಸಿರಿ ಎಂದಳು.

ಮನೆಯಲ್ಲಿ ಅತ್ತೆ ಗುರುಲಿಂಗವ್ವ ಸುದ್ದಿ ಕೇಳಿ, ಒಳ್ಳೆಯದಾಯಿತು, ಹಸಿದವರಿಗೆ ಅನ್ನ, ಜಾಗವಿಲ್ಲದವರಿಗೆ ಜಾಗ ಎಂದು ಸೊಸೆಯ ತಲೆ ನೇವರಿಸಿದಳು. ಗುರುಲಿಂಗವ್ವನಿಗೆ ಡಬ್ಬಿ ಅಂದರೆ ಇನ್ನೊಬ್ಬ ಮೊಮ್ಮಗನಿದ್ದ ಹಾಗೆ. ಅಡುಗೆಮನೆಯ ಕಿಟಕಿಯಲ್ಲಿ ಅದನ್ನಿಟ್ಟು, ಬೆಚ್ಚಗಾದೀತೆಂದು ಮೇಲೆ ಒದ್ದೆ ಅರಿವೆ ಹಾಕಲು ಹೋಗಿ ಮಗನಿಂದ ಬೈಸಿಕೊಂಡಿದ್ದಳು. ಮೊದಲ ದಿನ ಡಬ್ಬಿ ಗುರುತಿಗಾಗಿ ಗಂಡನ ಹೆಸರು ಕೇಳಿದಾಗ ನಡೆದದ್ದು ಓಣಿಗೆಲ್ಲ ಗೊತ್ತು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ ಅವಳು. ಮೂರು ಸಲ ಕೇಳಿಸಿಕೊಂಡು, ಸೆರಗು ಸರಿಮಾಡಿಕೊಂಡು, ಮದುವೆಯಲ್ಲಿ ಹೆಸರನ್ನು ಪ್ರಾಸಕ್ಕೆ ಹೆಣೆದು ಹೇಳುವ ಹಾಗೆ ಒಡಪು ಹಾಕಿದಳು.

"ಮಗ್ಗದ ಕುಣಿಯಾಗ ಕಾಲಿಟ್ಟು, ಮಲ್ಲಿಗಿ ಬಣ್ಣದ ನೂಲಿಟ್ಟು, ಸೀರಿಗೆ ಸೆರಗ ಹಚ್ಚಿಕೊಟ್ಟು, ಸಿಟ್ಟ ಬಂದ್ರ ಊಟ ಬಿಟ್ಟು, ರಾತ್ರಿ ಎದ್ದು ರೊಟ್ಟಿ ತಿಂದಾವ್ರು ಪಂಚಾಕ್ಷರಪ್ಪ."

ಡಬ್ಬಿ ಅಷ್ಟನ್ನೂ ಹೆಸರೆಂದೇ ಬರೆದುಕೊಂಡಿತು. ಇವತ್ತಿಗೂ ಸಂಘದ ಪಟ್ಟಿಯಲ್ಲಿ ಮಾವನ ಹೆಸರು ಐದು ಸಾಲು. ಆಮೇಲೆ ಅವಳಿಗೆ ರುಚಿ ಹತ್ತಿತು. ನೆನಪಾದ ಒಡಪುಗಳನ್ನೆಲ್ಲ ದಿನಕ್ಕೊಂದರಂತೆ ಡಬ್ಬಿಗೆ ಹೇಳುತ್ತ ಬಂದಳು. ಸಾವಿರದ ಇನ್ನೂರಾಗಿದ್ದವು. ಬೇರೆ ಎಲ್ಲೂ ಬರೆದಿಟ್ಟಿರಲಿಲ್ಲ, ಅವಳಿಗೆ ಬರೆಯಲು ಬರುತ್ತಲೂ ಇರಲಿಲ್ಲ. ಮೊಮ್ಮಕ್ಕಳ ಮದುವೆಯಲ್ಲಿ ಹುಡುಗಿಯರು ಬಾಯಿ ಮುಚ್ಚಿ ನಿಲ್ಲಬಾರದು ಎಂಬುದೊಂದೇ ಅವಳ ಆಸೆ.

ಶುಕ್ರವಾರ ಬಂತು. ನೀಲಗಂಗಾ ಮುಂಜಾನೆ ಸಂತೆಗೆ ಹೋದಳು. ಏನೇನು ತರಬೇಕೆಂದು ಅತ್ತೆ ಡಬ್ಬಿಗೆ ಹೇಳಿಟ್ಟರೆ ಅದು ಸೊಸೆಯ ಫೋನಿಗೆ ಪಟ್ಟಿ ಕಳಿಸುವ ರೂಢಿ. ಎಣ್ಣೆಯ ಅಂಗಡಿಯ ಮುಂದೆ ಕ್ಯಾನು ಹಿಡಿದು ನಿಂತು ಪಟ್ಟಿ ಓದಿದಳು.

ಎಣ್ಣಿ ಹೆಚ್ಚಾಗೈತಿ.
ತೊಗರಿಬ್ಯಾಳಿ ಹೆಚ್ಚಾಗೈತಿ.
ಬೆಲ್ಲ ಹೆಚ್ಚಾಗೈತಿ.
ಜಾಗಾ ಹೆಚ್ಚಾಗೈತಿ.

ಕ್ಯಾನು ತುಂಬಿಸಿಕೊಂಡು, ಬೇಳೆ ಕಟ್ಟಿಸಿಕೊಂಡು, ಬೆಲ್ಲಕ್ಕೆ ಕೈ ಚಾಚಿದವಳು ಅಲ್ಲೇ ನಿಂತುಬಿಟ್ಟಳು.

ತುಂಬಿದ ಮನೆಯಲ್ಲಿ ಯಾವ ಹೆಣ್ಣುಮಗಳೂ ಎಣ್ಣೆ ಮುಗಿಯಿತು ಅನ್ನುವುದಿಲ್ಲ. ಅಂದರೆ ಲಕ್ಷ್ಮಿಯನ್ನು ಬಾಗಿಲಿಗೆ ದಬ್ಬಿದಂತೆ. ಡಬ್ಬಿಯ ತಳ ಕೆರೆಯುತ್ತ ಹೆಚ್ಚಾಗಿದೆ ಅನ್ನುತ್ತಾರೆ, ಕೇಳಿದವರು ಚೀಲ ಹಿಡಿದು ಅಂಗಡಿಗೆ ಹೋಗುತ್ತಾರೆ. ಬಳೆ ಒಡೆದರೂ ಹೆಚ್ಚಾಯಿತು ಎಂದೇ. ನೀಲಗಂಗಾ ನಲವತ್ತಾರು ವರ್ಷ ಇದನ್ನು ಕೇಳುತ್ತ, ಅನ್ನುತ್ತ ಬಂದವಳು. ಬಾಯಲ್ಲಿ ಕೇಳಿದ್ದರೆ ಅರೆಗಳಿಗೆಯಲ್ಲಿ ತಿಳಿಯುತ್ತಿತ್ತು. ಕಾರಭಾರಿ ಅದನ್ನು ಪುಸ್ತಕದ ಕನ್ನಡಕ್ಕೆ ತಂದು, ಶೇಕಡಾ ಹಚ್ಚಿ ಓದಿದ್ದರಿಂದ ಹನ್ನೊಂದು ಜನರಲ್ಲಿ ಒಬ್ಬರಿಗೂ ತಮ್ಮ ತಮ್ಮ ಅಡುಗೆಮನೆ ನೆನಪಾಗಿರಲಿಲ್ಲ.

ನೂರರಲ್ಲಿ ಎಂಬತ್ತೊಂದು ಮನೆಯಲ್ಲಿ ಜಾಗ ತಳ ಕಂಡಿತ್ತು. ಅಲ್ಲಿಗೆ ನಾಳೆ ಹನ್ನೆರಡಕ್ಕೆ ಆರು ಸಾವಿರ ಮನೆಯ ಸಾಮಾನು ಬರಲಿತ್ತು. ಕರೆದವಳು ಅವಳು.

ಬೆಲ್ಲ ಬಿಟ್ಟು ಮನೆಗೆ ಓಡಿಬಂದಳು. ಗುರುಲಿಂಗವ್ವ ಡಬ್ಬಿಯ ಮುಂದೆ ನಿಂತು ಸಮಾಧಾನದಿಂದ ಬುದ್ಧಿ ಹೇಳುತ್ತಿದ್ದಳು.

"ತಮ್ಮಾ, ಎಷ್ಟು ಸಲ ಹೇಳಬೇಕು ನಿನಗ? ಜಾಗಾ ಹೆಚ್ಚಾಗೈತಿ ಅನ್ನಾಕತ್ತೀನಿ."

"ಬಹಳ ಸಂತೋಷ ಅಜ್ಜಿ," ಎಂದಿತು ಡಬ್ಬಿ. ಕೆಂಪು ದೀಪ ಆರಿತು.

ಮನೆಯವರ ಮಾತೇ ಪ್ರಮಾಣವಲ್ಲವೇ. ಹೊಸ ಮೆಮೊರಿ ಪಟ್ಟಿ ಸಿಗಿಸಿರಬೇಕು, ಇನ್ನೇನು ಕಂಡೀತು ಎಂಬ ಭರವಸೆಯ ಮೇಲೆ ಡಬ್ಬಿ ಸದ್ಯಕ್ಕೆಂದು ಯಾರದೋ ಮೂರನೆಯ ಪ್ರತಿಯನ್ನು ತೆಗೆದುಹಾಕಿ, ಬಂದದ್ದನ್ನು ಒಳಗೆ ತುರುಕಿಕೊಳ್ಳುತ್ತಿತ್ತು. ಮತ್ತೆ ದೀಪ ಹತ್ತಿದರೆ ಮತ್ತೆ ಹೆಚ್ಚಾಗೈತಿ, ಮತ್ತೆ ಬಹಳ ಸಂತೋಷ. ಮೂರನೆಯ ಪ್ರತಿ ಮುಗಿದ ಮೇಲೆ ಎರಡನೆಯದು. ಅತ್ತೆಯ ಒಡಪುಗಳು ಎಷ್ಟು ಮನೆಯಲ್ಲಿವೆ ಎಂದು ನೀಲಗಂಗಾ ಕೇಳಿದಳು. "ಒಂದು ಮನೆಯಲ್ಲಿ," ಎಂದಿತು ಡಬ್ಬಿ. ಯಾರ ಮನೆ ಎಂದು ಹೇಳುವ ಹಾಗಿರಲಿಲ್ಲ. ಆ ಮನೆಯ ಪುಣ್ಯಾತ್ಗಿತ್ತಿ ನಾಳೆ ಮಧ್ಯಾಹ್ನ ದೀಪ ನೋಡಿ ಇನ್ನೊಂದು ಸಲ ಹೆಚ್ಚಾಗೈತಿ ಅಂದರೆ ಸಾವಿರದ ಇನ್ನೂರು ಒಡಪೂ ಹೋಗುತ್ತವೆ. ಊರಿನ ಅರ್ಧ ಬಾಳೂ ಅದರ ಹಿಂದೆ ಹೋಗುತ್ತದೆ.

ಅತ್ತೆಗೆ ಆ ಮಾತನ್ನು ಹೇಳಲಿಲ್ಲ. ಕ್ಯಾನು ಕೆಳಗಿಟ್ಟು ಸಂಘಕ್ಕೆ ನಡೆದಳು.

ದಸ್ತಗೀರ್ ಕೇಳಿ ಹಣೆ ಹಿಡಿದುಕೊಂಡ. ತಮ್ಮ ಮನೆಯಲ್ಲೂ ಅಮ್ಮ ಹಾಗೇ ಅನ್ನುವುದು, ತಾನು ನಿನ್ನೆ ಅದನ್ನು ಕೇಳಿಯೇ ಅಕ್ಕಿ ತಂದದ್ದು ಎಂದ. ಕಾರಭಾರಿಗೆ ಈ ಮಾತಿನ ಒಳಗುಟ್ಟು ಕಲಿಸಿ, ಪರೀಕ್ಷೆ ಮಾಡಿ, ಎಲ್ಲ ಡಬ್ಬಿಗೂ ತಲುಪಿಸುವುದಕ್ಕೆ ವಾರವಾದರೂ ಬೇಕು. ಕೂರಿಗೆ ತಡೆಯುವುದೊಂದೇ ದಾರಿ. ಅದಕ್ಕೂ ಕಟ್ಟಳೆಯಿತ್ತು. ಯಾರೋ ಒಬ್ಬರು ಮೂಲೆಯಲ್ಲಿ ಕೂತು ಗುಂಡಿ ಒತ್ತಿ ಊರಿನ ಯೋಜನೆ ಕೆಡಿಸಬಾರದೆಂದು, ಹಿಂದಿನ ದಿನ ಸಂಜೆ ಐದರೊಳಗೆ, ತುಂಬಿದ ಸಭೆಯಲ್ಲಿ, ಪಾಳಿ ಹೊತ್ತವರು ಕಾರಣವನ್ನು ಬಾಯಿಬಿಟ್ಟು ಹೇಳಬೇಕು. ಕಾರಭಾರಿಗೆ ಅದು ತಿಳಿದರೆ ಮಾತ್ರ ಕೂರಿಗೆ ನಿಲ್ಲುತ್ತದೆ.

ನಾಲ್ಕಕ್ಕೆ ಎಲ್ಲರೂ ಸೇರಿದರು. ನೀಲಗಂಗಾ ಎದ್ದು ನಿಂತು ತಪ್ಪು ತನ್ನದೆಂದಳು. ಕೋಡ್ ಬಾರದವರಿಗೆ ಕೊಟ್ಟರೆ ಹೀಗೇ ಎಂದು ನಾಳೆ ನೀವು ಅಂದರೂ ಅನ್ನಿ, ಮೊದಲು ಕೂರಿಗೆ ನಿಲ್ಲಿಸೋಣ ಎಂದಳು. ನಿಲ್ಲಿಸೋಣ ಎಂದೇ ಎಲ್ಲರೂ ಅಂದರು. ಎಲ್ಲರ ಮನೆಯಲ್ಲೂ ಆ ವಾರ ಯಾವುದೋ ಒಂದು ಹೆಚ್ಚಾಗಿತ್ತು.

ಈಗ ಕಾರಣ ಹೇಳಬೇಕಿತ್ತು. ಅಂದರೆ ಜಾಗ ಮುಗಿದಿದೆ ಎಂಬ ಮಾತನ್ನು ನಲವತ್ತು ಸಾವಿರ ಮನೆಯ ಪರವಾಗಿ, ಶುಕ್ರವಾರ ಸಂಜೆ, ದೀಪ ಹಚ್ಚುವ ಹೊತ್ತಿಗೆ ಅನ್ನಬೇಕಿತ್ತು. ಸಭೆ ನೆಲ ನೋಡಿತು. ವಾಮನರಾಯರು ಗಂಟಲು ಸರಿಮಾಡಿಕೊಂಡರು.

"ನೀಲಗಂಗಾಬಾಯಿ, ಆ ಶಬ್ದಾನ ಆಗಬೇಕಂತ ಏನದ? ಸ್ವಲ್ಪ ಬ್ಯಾರೆ ರೀತಿ ಹೇಳಿ ನೋಡ್ರಿ."

ಅವರೇ ಮುಂದಾಗಿ, ಜಾಗ ತುಂಬಿ ಬಂದದ ಎಂದರು. ಕಾರಭಾರಿ, ಜಾಗ ತುಂಬಿ ಬಂದಿದೆ, ಸಂತೋಷ ಎಂದ. ಹಿಂದಿನಿಂದ ಯಾರೋ, ಜಾಗ ಬಹಳ ಬಹಳ ಹೆಚ್ಚಾಗಿದೆ ಎಂದು ಅಳುಮೋರೆ ಮಾಡಿ ಹೇಳಿದರು. ಕಾರಭಾರಿಗೆ ಮೋರೆ ಕಾಣುವುದಿಲ್ಲ. ಬಹಳ ಬಹಳ ಸಂತೋಷ, ಯಲಬುರ್ಗಾದ ಜೊತೆಗೆ ಇನ್ನೊಂದು ಊರನ್ನೂ ಕರೆಯೋಣವೇ ಎಂದು ಕೇಳಿದ. ಹೇಳಿದವರ ಬಾಯಿಯನ್ನು ಪಕ್ಕದವರು ಮುಚ್ಚಿದರು. ದಸ್ತಗೀರ್ ಗಟ್ಟಿಯಾಗಿ, ಜಾಗ ಇಲ್ಲ ಎಂದ. ಕಾರಭಾರಿ ಹಾಜರಿಯ ಲೆಕ್ಕ ಹಾಕಿ, ಹಿಂದಿನ ಬೆಂಚಿನಲ್ಲಿ ಎರಡು ಜಾಗ ಇವೆ, ದಯವಿಟ್ಟು ಕುಳಿತುಕೊಳ್ಳಿ ಎಂದ. ದಸ್ತಗೀರ್ ಸುಮ್ಮನೆ ಹೋಗಿ ಕೂತ.

ಐದಕ್ಕೆ ಆರು ನಿಮಿಷ ಇತ್ತು. ವಾಮನರಾಯರು, ಶುಕ್ರವಾರ ಇಲ್ಲದಿದ್ದರೆ ನಾನೇ ಹೇಳುತ್ತಿದ್ದೆ ಎಂದರು. ನೀಲಗಂಗಾ ಅವರನ್ನು ನೋಡಿದಳು, ಗಡಿಯಾರ ನೋಡಿದಳು. ಅತ್ತೆಯ ಕಿವಿಗೆ ಬೀಳದಿರಲಿ ಎಂದುಕೊಂಡು ಒಂದೇ ಉಸಿರಿಗೆ ಅಂದುಬಿಟ್ಟಳು.

"ಹಗೇವು ತೀರೇತಿ."

ಅಟ್ಟದ ಮೇಲಿದ್ದವರೆಲ್ಲ ಶಿವ ಶಿವಾ ಎಂದರು. ದಸ್ತಗೀರ್ ಎರಡೂ ಕಿವಿ ಹಿಡಿದುಕೊಂಡ. ಕಾರಭಾರಿ ದನಿ ತಗ್ಗಿಸಿ ಕೇಳಿದ.

"ಯಾವಾಗ ತೀರಿಕೊಂಡಿತು?"

ಯಾರಿಗೂ ಅರ್ಥವಾಗುವ ಮೊದಲೇ ದಸ್ತಗೀರ್ ಬೆಂಚಿನಿಂದ ಜಿಗಿದೆದ್ದ. ಮೂರು ವರ್ಷದ ಹಿಂದೆ ಅವನೇ ಬರೆದ ಒಂದು ಭಾಗ ಹಗೇವಿನಲ್ಲಿತ್ತು. ಯಾರಾದರೂ ತೀರಿಕೊಂಡರೆ ಅವರ ಮನೆಯವರಿಗೆ ಮೆತ್ತಗೆ ತಿಳಿಸಿ, ಸತ್ತವರ ಬಳಿ ಇದ್ದದ್ದನ್ನು ವಾರಸುದಾರರು ಬಂದು ಒಯ್ಯಲಿ ಎಂದು ಕರೆಯುವ ಭಾಗ. ಆ ದುಃಖದಲ್ಲಿ ಅವರಿಗೆ ಬೇರೆ ತೊಂದರೆ ಕೊಡಬಾರದೆಂದು ಹನ್ನೊಂದು ದಿನ ಎಲ್ಲ 'ಶುಭಕಾರ್ಯ'ವನ್ನೂ ನಿಲ್ಲಿಸುವ ಏರ್ಪಾಡನ್ನೂ ಅವನೇ ಬಹಳ ಕಕ್ಕುಲಾತಿಯಿಂದ ಮಾಡಿದ್ದ. ಸತ್ತದ್ದು ಹಗೇವೇ ಆದರೆ ವಾರಸುದಾರರು ಯಾರು? ನಲವತ್ತು ಸಾವಿರ ಮನೆ.

ಐದು ಹೊಡೆಯುವಾಗ ಗದಗ-ಬೆಟಗೇರಿಯ ಪ್ರತಿಯೊಂದು ಅಡುಗೆಮನೆಯ ಡಬ್ಬಿಯೂ ದುಃಖದ ದನಿಯಲ್ಲಿ ಹೇಳಿತು: "ತಿಳಿಸಲು ವಿಷಾದವಾಗುತ್ತದೆ. ನಮ್ಮ ಹಗೇವು ತೀರಿಕೊಂಡಿದೆ. ತಮ್ಮ ತಮ್ಮ ಸಾಮಾನುಗಳನ್ನು ದಯವಿಟ್ಟು ಒಯ್ಯಿರಿ. ಹನ್ನೊಂದು ದಿನ ಕೂರಿಗೆ ಇರುವುದಿಲ್ಲ."

ಆ ಸಂಜೆ ಊರು ಊರಾಗಿರಲಿಲ್ಲ. ಗುರುಲಿಂಗವ್ವನ ಓಣಿಯಲ್ಲಿ ಇಬ್ಬರು ಹೆಂಗಸರು ಸಂಘದ ಕಡೆ ಹೂವಿನ ಹಾರ ಹಿಡಿದು ಹೊರಟು, ದೇಹ ಎಲ್ಲಿದೆ ಎಂದು ತಿಳಿಯದೆ ತಿರುಗಿ ಬಂದರು. ಒಬ್ಬ ಮುದುಕ ಡಬ್ಬಿಗೆ ವಿಭೂತಿ ಹಚ್ಚಿದ. ಎಲ್ಲರೂ ತಮ್ಮ ತಮ್ಮ ಸಾಮಾನು ಹೊರಗೆ ತೆಗೆಯತೊಡಗಿದರು, ಇದ್ದಬದ್ದ ಫೋನು, ಪಟ್ಟಿ, ಹಳೆಯ ಕಂಪ್ಯೂಟರುಗಳಿಗೆ ಇಳಿಸಿಕೊಳ್ಳತೊಡಗಿದರು. ಹಾಗೆ ತೆಗೆಯುವಾಗ ಮನೆ ಬದಲಿಸುವವರಿಗೆ ಆಗುವುದೇ ಅವರಿಗೂ ಆಯಿತು. ಇಷ್ಟು ವರ್ಷ ಏನನ್ನು ಕಾಪಾಡಿಕೊಂಡು ಬಂದೆವು ಎಂದು ಕಣ್ಣಿಂದ ನೋಡಿದರು. ನೀಲಗಂಗಾಳ ಗಂಡ ವಿರೂಪಾಕ್ಷಿ ತನ್ನ ಷಡ್ಡಕ ಕಳಿಸಿದ ಶುಭೋದಯದ ಗುಲಾಬಿಗಳನ್ನೇ ಹನ್ನೊಂದು ಸಾವಿರ ಎಣಿಸಿದ. ಎದುರುಮನೆಯವರಲ್ಲಿ ಒಂದೇ ಎತ್ತಿನ ನಾಲ್ಕು ಸಾವಿರ ಫೋಟೊ ಇದ್ದವು, ಎತ್ತು ಎಲ್ಲದರಲ್ಲೂ ಅದೇ ಕಡೆ ನೋಡುತ್ತಿತ್ತು. ಜೇಬಿನೊಳಗೆ ಫೋನು ತಾನೇ ಎಳೆದುಕೊಂಡ ಕತ್ತಲೆಯ ವಿಡಿಯೊಗಳಂತೂ ಲೆಕ್ಕಕ್ಕೆ ಸಿಗಲಿಲ್ಲ. ಬೇಕಾದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಅಳಿಸಿ ಕೈ ತೊಳೆದರು.

ಗುರುಲಿಂಗವ್ವನ ಒಡಪುಗಳು ಮೊದಲ ತಾಸಿನಲ್ಲೇ ವಿರೂಪಾಕ್ಷಿಯ ಫೋನಿಗೆ ಇಳಿದವು. ಸಾವಿರದ ಇನ್ನೂರೂ ಇದ್ದವು. ಊರಿನಲ್ಲಿ ಕಳೆದುಹೋದದ್ದು ಒಂದೇ, ವಾಮನರಾಯರು ಹತ್ತನೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಎರಡೂವರೆ ತಾಸಿನ ಭಾಷಣ. ಅದರ ಕಡೆಯ ಪ್ರತಿ ಯಾವುದೋ ಮನೆಯಲ್ಲಿ ಹಿಂದಿನ ವಾರವೇ ಹೋಗಿತ್ತು. ಯಾರೂ ದೂರು ಕೊಟ್ಟಿರಲಿಲ್ಲ.

ಸೂತಕದ ಹನ್ನೊಂದು ದಿನ ಸಂಘಕ್ಕೆ ವರವಾಯಿತು. ದಸ್ತಗೀರ್ ಕಾರಭಾರಿಗೆ ಹೊಸ ಅರ್ಥ ಕಲಿಸಲು ಕೂತ. ಹೆಚ್ಚಾಗಿದೆ ಅಂದರೆ ಮುಗಿದಿದೆ ಎಂದು ಬರೆದ. ಆಗ ಇನ್ನೊಂದು ತೊಡಕು ಬಂತು. ಕೆಲವರ ಮನೆಯಲ್ಲಿ ಅದು ನಿಜವಾಗಿಯೂ ಹೆಚ್ಚಾಗಿರುತ್ತದಲ್ಲ, ಹಬ್ಬದ ಮರುದಿನ ಹೋಳಿಗೆ ಹೆಚ್ಚಾಗುವ ಹಾಗೆ. ಎರಡಕ್ಕೂ ಒಂದೇ ಮಾತು. ದನಿಯಿಂದ ತಿಳಿಯೋಣವೆಂದು ಸಾವಿರ ಮನೆಯವರನ್ನು ಒಪ್ಪಿಸಿ ದನಿ ಕೂಡಿಸಿದರು. ಮುಗಿದಾಗ ಹೆಚ್ಚು ನಗುಮುಖದಿಂದ ಹೇಳುವವರೇ ಬಹಳ ಇದ್ದರು.

ನಾಲ್ಕನೆಯ ದಿನ ನೀಲಗಂಗಾ ಅತ್ತೆಯನ್ನೇ ಅಟ್ಟಕ್ಕೆ ಕರೆತಂದಳು. ಗುರುಲಿಂಗವ್ವ ಕುರ್ಚಿ ಬೇಡವೆಂದು ನೆಲದ ಮೇಲೆ ಕೂತು, ಇವರ ಪಡಿಪಾಟಲನ್ನೆಲ್ಲ ತಾಳ್ಮೆಯಿಂದ ಕೇಳಿದಳು. ಕೇಳಿ, ಮದುವೆಯಾಗಿ ಬಂದ ಹೊಸದರಲ್ಲಿ ನೀನು ಹೇಗೆ ತಿಳಿದುಕೊಳ್ಳುತ್ತಿದ್ದೆ ಎಂದು ಸೊಸೆಯನ್ನೇ ಕೇಳಿದಳು. ನೀಲಗಂಗಾಳಿಗೆ ನೆನಪಿರಲಿಲ್ಲ.

"ಅಯ್ಯ ಹುಚ್ಚಿ, ನೀ ಒಳಗಿಂದ ಕೇಳತಿದ್ದಿ, ಹಂಗಾದ್ರ ತರೂಣೇನ್ರಿ ಅತ್ತಿ ಅಂತ. ತಾ ಅಂದ್ರ ಹೋಗಿ ತರತಿದ್ದಿ. ಬ್ಯಾಡ, ಯಾರಿಗರ ಕೊಡು ಅಂದ್ರ ಕೊಟ್ಟು ಬರತಿದ್ದಿ. ಈ ಡಬ್ಬಿಗೆ ಸೊಸಿ ಬುದ್ಧಿ ಇಲ್ಲ, ಅಷ್ಟ."

ವಾಮನರಾಯರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ದಸ್ತಗೀರ್ ತಾನು ನಾಲ್ಕು ದಿನ ಬರೆದ ಎಂಟು ನೂರು ಸಾಲನ್ನು ಅಳಿಸಿ ಒಂಬತ್ತು ಸಾಲು ಬರೆದ. ಜಾಗ ಹೆಚ್ಚಾಗಿದೆ ಎಂದರೆ ಡಬ್ಬಿ ಇನ್ನು ಮೇಲೆ ಬಹಳ ಸಂತೋಷ ಅನ್ನಬಾರದು, ಹಾಗಾದರೆ ತರೋಣವೇ ಎಂದು ಕೇಳಬೇಕು. ಅದರ ಕೆಳಗೆ, ಈ ಭಾಗ ಬರೆಸಿದವರು ಗುರುಲಿಂಗವ್ವ ಹಾದಿಮನಿ ಎಂದು ಸೇರಿಸಿದ. ಪರೀಕ್ಷೆಗೆ ನೂರು ಮನೆಯಲ್ಲಿ ಹಾಕಿ ನೋಡಿದರು. ನೂರಕ್ಕೆ ನೂರು ಸರಿಬಂತು. ಆ ಭಾಗವನ್ನು ಸಭೆಯ ಮುಂದಿಟ್ಟು, ನೀಲಗಂಗಾಬಾಯಿಯ ಪಾಳಿ ಮುಂದುವರಿಯಲಿ ಎಂದು ಮೊದಲು ಕೈ ಎತ್ತಿದವರು ವಾಮನರಾಯರು. ಎತ್ತಿದ ಕೈಯನ್ನು ಯಾರೂ ನೋಡಲಿಲ್ಲವೇನೋ ಎಂದು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದರು.

ಹನ್ನೆರಡನೆಯ ದಿನ ಕಾರಭಾರಿ ಹೊಸದಾಗಿ ವರದಿ ಓದಿದ. ಕಸವೆಲ್ಲ ಹೋಗಿ, ಬೇಕಾದದ್ದು ಮಾತ್ರ ಮರಳಿ ಬಂದು, ಮೂರು ಮೂರು ಪ್ರತಿಯೂ ಕೂತು, ಊರಿನಲ್ಲಿ ಅರ್ಧಕ್ಕಿಂತ ಮಿಕ್ಕಿ ಜಾಗ ಖರೆಖರೆ ಉಳಿದಿತ್ತು. ತಿದ್ದಿದ ಭಾಗ ಅಷ್ಟರಲ್ಲಿ ಎಲ್ಲ ಡಬ್ಬಿಗೂ ತಲುಪಿತ್ತು, ತರೋಣವೇ ಎಂದು ಕೇಳಿದರೆ ಎಲ್ಲ ಮನೆಯವರೂ, ಬೇಡ, ಯಾರಿಗಾದರೂ ಕೊಡಿ ಎಂದಿದ್ದರು. ಕೂರಿಗೆಗೆ ಇನ್ನು ಹತ್ತು ನಿಮಿಷ ಇತ್ತು. ಯಲಬುರ್ಗಾದವರಿಗೆ ಹೇಳದೆ ದಾಸೋಹವನ್ನು ಸೇರಿಸುವ ಹಾಗಿರಲಿಲ್ಲ. ಎಲ್ಲರ ಮುಂದೆ, ಕಾರಭಾರಿಗೂ ಕೇಳುವಂತೆ, ನೀಲಗಂಗಾ ರಾಚವ್ವನಿಗೆ ಫೋನು ಹಚ್ಚಿದಳು. ಹನ್ನೊಂದು ದಿನ ತಡ ಎಂದಷ್ಟೇ ಹಿಂದೆ ತಿಳಿಸಿದ್ದಳು, ನಡೆದ ಕಥೆಯನ್ನೆಲ್ಲ ಹೇಳಲು ಈಗ ಹೊತ್ತಿಲ್ಲವೆಂದು ನೇರ ವಿಷಯಕ್ಕೆ ಬಂದಳು.

"ರಾಚವ್ವಾರ, ನಮ್ಮಲ್ಲೆ ಈಗ ಜಾಗಾ ಹೆಚ್ಚಾಗೈತ್ರಿ."



"ಇರ್ಲಿ ಬಿಡ್ರಿ ಅಕ್ಕಾರ," ಎಂದಳು ರಾಚವ್ವ ಮೆತ್ತಗೆ. "ಮನಸಿಗೆ ಹಚ್ಚಿಕೋಬ್ಯಾಡ್ರಿ. ನಾವು ಹೆಂಗರ ಮಾಡಿಕೋತೀವಿ."

"ಹಂಗಲ್ರೀ. ಖರೇನ ಹೆಚ್ಚಾಗೈತಿ."

"ತಿಳೀತ್ರಿ. ಖರೇನ ಹೆಚ್ಚಾಗೈತಿ ಅಂದ ಮ್ಯಾಲೆ ಇನ್ನೇನ್ ಉಳಿದಿರತೈತಿ."

ಬೇಕಾದಷ್ಟಿದೆ ಎಂದಳು ನೀಲಗಂಗಾ. ಬೀಗರು ಬಂದಾಗ ತಮ್ಮ ಅವ್ವನೂ ಬರಿಗಡಿಗೆ ಹಿಡಿದು ಹಾಗೇ ಅನ್ನುತ್ತಿದ್ದಳು ಎಂದು ರಾಚವ್ವ ಸಮಾಧಾನ ಹೇಳಿದಳು. ತುಂಬಿ ತುಳುಕುತ್ತಿದೆ ಎಂದಳು ನೀಲಗಂಗಾ. ಅಷ್ಟಾಗಿದೆಯೇ ಎಂದು ರಾಚವ್ವ ಇನ್ನೂ ಕಳವಳಪಟ್ಟಳು. ದಸ್ತಗೀರ್ ಕೈಯಲ್ಲಿ ಮೂರು ಬೆರಳು ತೋರಿಸುತ್ತಿದ್ದ, ಮೂರು ನಿಮಿಷ. ಇದ್ದದ್ದನ್ನು ಇದೆ ಎಂದು ಹೇಳಲು ನೀಲಗಂಗಾಳಿಗೆ ಒಂದು ಮಾತೂ ಸಿಗಲಿಲ್ಲ. ಇದ್ದಬದ್ದ ಮಾತನ್ನೆಲ್ಲ ಹಿಂದಿನವರು ಇಲ್ಲದ್ದಕ್ಕೆ ಖರ್ಚು ಮಾಡಿಬಿಟ್ಟಿದ್ದರು.

ಕಡೆಗೆ ಅವಳು ಲೆಕ್ಕ ಬಿಟ್ಟು, ವರದಿ ಬಿಟ್ಟು, ಬಾಗಿಲಲ್ಲಿ ನಿಂತು ಕರೆದ ಹಾಗೆ ಕರೆದಳು.

"ರಾಚವ್ವಾರ, ಎಲಿ ಹಾಕೇವ್ರಿ. ಏಳ್ರಿ, ಬರ್ರಿ."

ರಾಚವ್ವನ ದನಿ ಬದಲಾಯಿತು.

"ಎಷ್ಟು ಎಲಿ ಹಾಕೀರಿ?"

"ಆರು ಸಾವಿರ."

"ಬಂದ್ವಿ ತಗೋರಿ," ಎಂದಳು ರಾಚವ್ವ.

ನೀಲಗಂಗಾ ಫೋನು ಕೆಳಗಿಟ್ಟಳು. ಹನ್ನೊಂದು ಜನರೂ ಉಸಿರು ಬಿಟ್ಟರು. ಕಾರಭಾರಿ ಗಂಭೀರವಾಗಿ ಯೋಜನೆಯನ್ನು ಕಡೆಯ ಸಲ ಓದಿದ. "ಮುಂಗಾರು ಆವೃತ್ತಿ, ದಾಸೋಹ. ಕೆಲಸ ಒಂದು: ಬಾಳೆ ಎಲೆ, ಆರು ಸಾವಿರ. ಹೊಣೆ: ನೀಲಗಂಗಾ ಹಾದಿಮನಿ."

ದಸ್ತಗೀರ್ ಆ ಸಾಲು ತೆಗೆಸುತ್ತೇನೆಂದು ಎದ್ದ. ಅಷ್ಟರಲ್ಲಿ ಹನ್ನೆರಡು ಹೊಡೆಯಿತು, ಕೂರಿಗೆ ಹೂಡಿಯಾಯಿತು.